ಸರ್ಕಾರಿ ಎಮ್ಮೆಯ ಮೂತಿ

ಮೊದಲೇ ಹೇಳಿಬಿಡುತ್ತೇನೆ, ನಾನು ಟ್ಯಾಂಕ್ ಅಲ್ಲ. ನನ್ನ ಕೆಳಗಿನ ಕಪ್ಪು ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಏನು ಬೇಕಾದರೂ ಕೆತ್ತಿರಲಿ, ನನ್ನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಏನು ಬೇಕಾದರೂ ಅಂದುಕೊಳ್ಳಲಿ, ನಾನು ಬುಲ್ಡೋಜರ್. ಮಣ್ಣು ತಳ್ಳುವ ಯಂತ್ರ. ಹುಟ್ಟಿದಂದಿನಿಂದ ಒಂದು ಗುಂಡನ್ನೂ ಹಾರಿಸಿಲ್ಲ. ಹಾರಿಸಲು ನನ್ನಲ್ಲಿ ತೋಪೇ ಇರಲಿಲ್ಲ. ಈಗ ನನ್ನ ಹಣೆಯಿಂದ ಮುಂದಕ್ಕೆ ಚಾಚಿಕೊಂಡಿರುವುದು ಬೋರ್‌ವೆಲ್ಲಿಗೆ ಇಳಿಸುವ ಕೇಸಿಂಗ್ ಪೈಪು. ಅದಕ್ಕೆ ಹಸಿರು ಬಣ್ಣ ಬಳಿದು ತೋಪು ಎನ್ನುತ್ತಿದ್ದಾರೆ.

ನಾನು ಹುಟ್ಟಿದ್ದು ಅಮೆರಿಕದ ಒಂದು ಕಾರ್ಖಾನೆಯಲ್ಲಿ, ಎರಡನೇ ಮಹಾಯುದ್ಧದ ನಡುವೆ. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ನನ್ನ ಬೋಲ್ಟುಗಳನ್ನು ಬಿಗಿದವರು ಹೆಚ್ಚಾಗಿ ಹೆಂಗಸರು. ಕಾಲಿಗೆ ಚಕ್ರದ ಬದಲು ಉಕ್ಕಿನ ಚೈನು ತೊಡಿಸಿದರು. ಮುಂದೆ ಆಳೆತ್ತರದ ಅಗಲವಾದ ಬ್ಲೇಡು ಕೂರಿಸಿದರು. ಅದನ್ನು ಎತ್ತಿ ಇಳಿಸಲು ಉಕ್ಕಿನ ಹಗ್ಗ ಕಟ್ಟಿದರು. ಆ ಬ್ಲೇಡೇ ನನ್ನ ಮುಖ, ನನ್ನ ಕೈ, ನನ್ನ ಕಸುಬು. ಅದಿಲ್ಲದಿದ್ದರೆ ನಾನು ಸುಮ್ಮನೆ ಸದ್ದು ಮಾಡುವ ಕಬ್ಬಿಣ.

ಹಡಗಿನಲ್ಲಿ ಕಲ್ಕತ್ತೆಗೆ, ಅಲ್ಲಿಂದ ರೈಲಿನಲ್ಲಿ ಅಸ್ಸಾಮಿಗೆ ಬಂದೆ. ಅಸ್ಸಾಮಿನಿಂದ ಬರ್ಮಾದ ಕಡೆಗೆ ಸೈನ್ಯಕ್ಕೆ ರಸ್ತೆ ಬೇಕಿತ್ತು. ಗುಡ್ಡ ಕಡಿದೆ, ಜಾರಿದ ಮಣ್ಣನ್ನು ಕಣಿವೆಗೆ ತಳ್ಳಿದೆ, ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಜಾರಿದ್ದನ್ನು ಮತ್ತೆ ತಳ್ಳಿದೆ. ಟ್ಯಾಂಕುಗಳನ್ನು ಮೊದಲು ನೋಡಿದ್ದು ಅಲ್ಲಿಯೇ. ಕತ್ತು ನೀಡಿಕೊಂಡು ಗತ್ತಿನಿಂದ ಬರುತ್ತಿದ್ದವು. ಕೆಸರು ಕಂಡ ಕೂಡಲೇ ಹೊಟ್ಟೆಯವರೆಗೆ ಹೂತುಕೊಂಡು ಗೊರಗೊರ ಅನ್ನುತ್ತಿದ್ದವು. ಆಗ ಸರಪಳಿ ಕಟ್ಟಿ ಎಳೆಯಲು ನಾನೇ ಬೇಕಾಗುತ್ತಿತ್ತು. ಅಂಥವುಗಳ ಹೆಸರನ್ನು ನನಗಿಟ್ಟಿದ್ದಾರೆ ಎಂದರೆ ಮೈ ಉರಿಯದೆ ಇರುತ್ತದೆಯೇ?

ಯುದ್ಧ ಮುಗಿಯಿತು. ಮರುದಿನದಿಂದಲೇ ನಾನು ‘ಹೆಚ್ಚುವರಿ ಸಾಮಾನು’ ಆದೆ. ನಿನ್ನೆಯವರೆಗೆ ನಾನಿಲ್ಲದೆ ಸೈನ್ಯ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ, ಇವತ್ತು ಹೆಚ್ಚುವರಿ. ಬಂಗಾಳದ ಒಂದು ಬಯಲಿನಲ್ಲಿ ಹರಿದ ಟೆಂಟುಗಳು, ಖಾಲಿ ಡ್ರಮ್ಮುಗಳು, ಒಡೆದ ಜೀಪುಗಳ ಜೊತೆ ನನ್ನನ್ನೂ ಸಾಲಾಗಿ ನಿಲ್ಲಿಸಿ ಹರಾಜು ಹಾಕಿದರು. ಈ ಕನ್ನಡ ಸೀಮೆಯ ಸರ್ಕಾರ ನನ್ನನ್ನು ಕೊಂಡಿತು. ಹಾಗೆ ಚಿತ್ರದುರ್ಗದ ಕಡೆಯ ಒಂದು ತಾಲ್ಲೂಕು ಊರಿಗೆ ಬಂದೆ.

ನನ್ನನ್ನು ಹಾಕಿದ್ದು ಕೆರೆಗಳ ವಿಭಾಗಕ್ಕೆ. ಇಲಾಖೆಯವರ ಇಂಗ್ಲಿಷಿನಲ್ಲಿ ಕೆರೆಗೆ ಟ್ಯಾಂಕ್ ಎನ್ನುತ್ತಾರೆ. ಆದ್ದರಿಂದ ನನ್ನ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಟ್ಯಾಂಕ್ ಡಿವಿಜನ್’ ಎಂದು ಬರೆಸಿದರು. ಕೆರೆಗಳ ವಿಭಾಗ, ಅಷ್ಟೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಈ ಎರಡು ಪದಗಳಿಂದ.

ನನ್ನನ್ನು ಓಡಿಸಲು ಬಂದವನು ಪಾತಲಿಂಗಪ್ಪ. ಮೊದಲು ಲಾರಿ ಓಡಿಸುತ್ತಿದ್ದವನು. ನನ್ನ ದೊಡ್ಡ ಇಂಜಿನ್ನನ್ನು ಎಬ್ಬಿಸಲು ಪಕ್ಕದಲ್ಲೊಂದು ಪುಟ್ಟ ಪೆಟ್ರೋಲ್ ಇಂಜಿನ್ನು ಇದೆ. ಮೊದಲು ಅದನ್ನು ಹಗ್ಗ ಸುತ್ತಿ ಎಳೆದು ಎಬ್ಬಿಸಬೇಕು. ಪಾತಲಿಂಗಪ್ಪ ಅದನ್ನು ಕರು ಎನ್ನುತ್ತಿದ್ದ. “ಕರು ಕೂಗಿದ್ರೆ ತಾಯಿ ಏಳ್ತಾಳೆ” ಎಂದು ನೋಡಲು ಬಂದವರಿಗೆಲ್ಲ ವಿವರಿಸುತ್ತಿದ್ದ.

ನಾವಿಬ್ಬರೂ ಹೋದ ಮೊದಲ ಊರು ಮಲ್ಲನಗುಂಟೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಅಲ್ಲೊಂದು ಹೊಸ ಕೆರೆ ಕಟ್ಟಬೇಕಿತ್ತು. ಊರಿನವರು ನನ್ನನ್ನು ಸುತ್ತು ಹಾಕಿ ನೋಡಿದರು. ಕಪ್ಪು ಬೆರೆತ ಹಸಿರು ಮೈ, ಅಗಲ ಮುಖ, ನಡೆದರೆ ಅವಸರವಿಲ್ಲದ ನಡಿಗೆ, ಕೆಸರು ಕಂಡರೆ ನೇರ ಒಳಕ್ಕೆ. ಒಬ್ಬ ಮುದುಕ “ಇದು ಸರ್ಕಾರದ್ ಎಮ್ಮೆ ಕಣ್ರಲೇ” ಎಂದ. ಅಂದಿನಿಂದ ನಾನು ಸರ್ಕಾರಿ ಎಮ್ಮೆ, ನನ್ನ ಬ್ಲೇಡು ಎಮ್ಮೆಯ ಮೂತಿ. ಬೇಸರವೇನೂ ಆಗಲಿಲ್ಲ. ನನ್ನ ಕೆಲಸವನ್ನು ಕಣ್ಣಾರೆ ನೋಡಿ ಇಟ್ಟ ಹೆಸರು ಅದೊಂದೇ.

ಕೆಲಸ ಶುರುವಾಗುವ ದಿನ ಹೆಂಗಸರು ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು. ಅವರಲ್ಲಿ ಬೋರಮ್ಮ ಎಂಬ ಹೊಸ ಸೊಸೆಯಿದ್ದಳು. ಆಮೇಲೆ ಮಂಕರಿಯಲ್ಲಿ ಮಣ್ಣು ಹೊರಲು ದಿನವೂ ಬಂದಳು. ಮಧ್ಯಾಹ್ನ ಪಾತಲಿಂಗಪ್ಪನಿಗೆ ಮಜ್ಜಿಗೆ ತರುತ್ತಿದ್ದಳು. ಚೆಂಬನ್ನು ಎಲ್ಲಿಟ್ಟರೂ ನನ್ನ ಅದುರಾಟಕ್ಕೆ ಉರುಳುತ್ತಿತ್ತು. ಅದಕ್ಕೆ ಪಾತಲಿಂಗಪ್ಪ ಕಮ್ಮಾರನ ಹತ್ತಿರ ಹೇಳಿ ಸೀಟಿನ ಪಕ್ಕ ಬಳೆಯಷ್ಟಗಲದ ಕಬ್ಬಿಣದ ಉಂಗುರ ಬೆಸೆಸಿದ. ಚೆಂಬಿಗೆ ದಾರ ಕಟ್ಟಿ ಅದಕ್ಕೆ ನೇತುಹಾಕುವುದು ಬೋರಮ್ಮನ ಕೆಲಸವಾಯಿತು.

ನಾನು ತಳ್ಳಿದೆ, ಅವರು ಹೊತ್ತರು, ಏರಿ ಎದ್ದಿತು. ಮುಂದಿನ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಬಾಗಿನ ಬಿಡಲು ಬಂತು. ಬೋರಮ್ಮ ಒಂದು ಕೊಡ ನೀರು ತುಂಬಿಕೊಂಡು ನೇರ ನನ್ನ ಹತ್ತಿರ ಬಂದು ಮೂತಿಯ ಮೇಲೆ ಸುರಿದಳು. “ಮೊದ್ಲು ಎಮ್ಮೆ ಕುಡೀಲಿ” ಎಂದಳು. ಯಾರೂ ನಗಲಿಲ್ಲ. ಬರ್ಮಾದ ರಸ್ತೆ ಮುಗಿದಾಗ ದೊಡ್ಡ ಅಧಿಕಾರಿಗಳು ಕೈ ಕುಲುಕಿದ್ದು ತಮ್ಮ ತಮ್ಮೊಳಗೆ. ನನಗೆ ಯಾರೂ ಒಂದು ಹನಿ ನೀರು ಕೊಟ್ಟಿರಲಿಲ್ಲ.

ಹಾಗೆ ಸುತ್ತಲಿನ ಎಷ್ಟೋ ಕೆರೆಗಳ ಏರಿ ಗಟ್ಟಿ ಮಾಡಿದೆ, ಹೂಳು ತೆಗೆದೆ. ಪಾತಲಿಂಗಪ್ಪ ವಯಸ್ಸಾಗಿ ಕೆಲಸ ಬಿಟ್ಟ. ನನಗೆ ಬಿಡಿಭಾಗ ಸಿಗದಾಯಿತು. ಇಲಾಖೆಯ ಅಂಗಳದ ಜಾಲಿ ಗಿಡದ ಕೆಳಗೆ ಬಿದ್ದುಕೊಂಡೆ. ಕಲ್ಲುಕ್ವಾರಿಯವನೊಬ್ಬ ಹರಾಜಿನಲ್ಲಿ ಹಿಡಿದು, ಮೈತುಂಬ ಹಳದಿ ಬಣ್ಣ ಬಳಿದು ದುಡಿಸಿಕೊಂಡ. ಇಂಜಿನ್ನು ಕೈಕೊಟ್ಟ ದಿನ ಅಕ್ಕಿ ಗಿರಣಿಯ ಹಿಂದಿನ ಖಾಲಿ ಜಾಗಕ್ಕೆ ಎಳೆಸಿ ಬಿಟ್ಟುಹೋದ. ನನ್ನ ಸೀಟಿನಲ್ಲಿ ಕೋಳಿ ಮರಿ ಮಾಡಿತು. ಊರಿನಲ್ಲಿ ನನ್ನ ವಿಷಯ ತಿಳಿದವರು ಒಬ್ಬೊಬ್ಬರಾಗಿ ಹೋದರು. ಉಳಿದವರ ಬಾಯಲ್ಲಿ ನಾನು ‘ಅದ್ಯಾವುದೋ ಮಿಲಿಟರಿ ಗಾಡಿ’ ಆದೆ.

ಆಗ ಬಂದವರು ಸದ್ಯೋಜಾತಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಒಳ್ಳೆಯವರು, ಅದರಲ್ಲಿ ನನಗೆ ಅನುಮಾನವಿಲ್ಲ. ಗುಜರಿಗೆ ಹೋಗಲಿದ್ದ ನನ್ನನ್ನು ತಡೆದವರು ಅವರೇ. ಪುರಸಭೆಯವರನ್ನು ಒಪ್ಪಿಸಿ, ಲಾರಿ ಮೆಕ್ಯಾನಿಕ್ ಇಲಿಯಾಸನ ಗ್ಯಾರೇಜಿಗೆ ನನ್ನನ್ನು ಸಾಗಿಸಿದರು. ಇಲಿಯಾಸ್ ಹಿಡಿದುಹೋಗಿದ್ದ ಪಿಸ್ಟನ್ನುಗಳಿಗೆ ಡೀಸೆಲ್ ಸುರಿದು ನೆನೆಹಾಕಿದ. ಚೈನಿನ ತುಕ್ಕು ಉಜ್ಜಿದ. ಪಕ್ಕದಲ್ಲಿದ್ದ ಕರುವನ್ನು ಬಿಚ್ಚಿ, ತೊಳೆದು, ಕೂರಿಸಿದ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ತಾವೂ ಬ್ರಷ್ ಹಿಡಿದರು. ಒಂದು ದಿನ ಕರು ಕೂಗಿತು. ಹಿಂದೆಯೇ ನಾನೂ ಎದ್ದೆ. ಹೊಗೆ ಇಳಿದ ಮೇಲೆ ನೋಡಿದರೆ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಗಳಿಗೆಯಲ್ಲಿ ಅವರು ಹೇಳಿದ್ದರೆ ನಾನು ಒಂದು ಗುಡ್ಡವನ್ನೇ ತಳ್ಳುತ್ತಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ನಿಲ್ಲಿಸಲಿಲ್ಲ, ಸಂಶೋಧನೆಗೆ ಇಳಿದರು. ನನ್ನ ಮೈಮೇಲಿನ ನಂಬರನ್ನು ಹೊರದೇಶದ ಹಳೆ ಗಾಡಿ ಪ್ರೇಮಿಗಳಿಗೆ ಕಳಿಸಿದರು. ‘ಸೇನೆಗಾಗಿ ತಯಾರಾದ ಚೈನಿನ ಟ್ರ್ಯಾಕ್ಟರ್, ಬರ್ಮಾ ಕಡೆಗೆ ಹೋದದ್ದು’ ಎಂದು ಉತ್ತರ ಬಂತು. ಮೇಷ್ಟ್ರು ಸೇನೆಯನ್ನು ಹಿಡಿದುಕೊಂಡರು, ಟ್ರ್ಯಾಕ್ಟರನ್ನು ಬಿಟ್ಟರು. ಆಮೇಲೆ ಹಳದಿ ಬಣ್ಣ ಕೆರೆಯುತ್ತ ಹೋದ ಹಾಗೆ ಕೆಳಗಿನಿಂದ ಬಿಳಿ ಅಕ್ಷರಗಳು ಎದ್ದವು. ಟ್ಯಾಂಕ್ ಡಿವಿಜನ್.

“ನೋಡಿದ್ಯೇನಯ್ಯ ಇಲಿಯಾಸ್” ಎಂದರು ಮೇಷ್ಟ್ರು. “ಇದು ಬರೀ ಗಾಡಿ ಅಲ್ಲ. ಟ್ಯಾಂಕ್ ದಳದ್ದು. ಬರ್ಮಾದಲ್ಲಿ ಹೋರಾಡಿರೋ ಟ್ಯಾಂಕು.”

“ಮತ್ತೆ ತೋಪೆಲ್ಲಿ ಸಾರ್?”

“ಮಾರೋವಾಗ ಮಿಲಿಟರಿಯವರು ತೋಪು ಬಿಚ್ಕೊಂಡೇ ಮಾರ್ತಾರೆ. ಈ ಬ್ಲೇಡನ್ನ ಆಮೇಲೆ ಯಾರೋ ಸಿಕ್ಸಿದಾರೆ.”

“ನೀವು ಹೇಳಿದ್ಮೇಲೆ ಇನ್ನೇನು ಬಿಡಿ ಸಾರ್” ಎಂದ ಇಲಿಯಾಸ್. ಗಾಡಿ ಓಡಿತಲ್ಲ, ಉಳಿದದ್ದು ಅವನಿಗೆ ಬೇಕಿರಲಿಲ್ಲ.

ವಿಜಯನಗರದ ಅರಸರು ಕಟ್ಟಿಸಿದ ಕೆರೆಗಳ ಬಗ್ಗೆ ವರ್ಷಾನುಗಟ್ಟಲೆ ಪಾಠ ಮಾಡಿದ ಮನುಷ್ಯ ಇವರು. ‘ಟ್ಯಾಂಕ್ ಇರಿಗೇಷನ್’ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವರು. ಆ ಪದ ನನ್ನ ಪಕ್ಕೆಯ ಮೇಲೆ ಕಂಡಾಗ ಮಾತ್ರ ಅವರಿಗೆ ಕೆರೆ ಹೊಳೆಯಲಿಲ್ಲ, ಯುದ್ಧ ಹೊಳೆಯಿತು. ನೀರಿಗಿಂತ ಗುಂಡಿನ ಸದ್ದೇ ದೊಡ್ಡದು ಎಂದು ಓದಿದವರಿಗೂ ಅನಿಸಿದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಪುರಸಭೆಯ ಅಧ್ಯಕ್ಷರಿಗೆ ಈ ಸುದ್ದಿ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಬಸ್ ಸ್ಟ್ಯಾಂಡಿನ ಮುಂದಿನ ಸರ್ಕಲ್ಲಿನಲ್ಲಿ ನಿಲ್ಲಿಸಲು, ಬೇರೆ ಊರುಗಳಲ್ಲಿ ಇರುವ ಹಾಗೆ, ಅವರಿಗೂ ಒಂದು ಟ್ಯಾಂಕು ಬೇಕಿತ್ತು. “ತೋಪು ಇಲ್ದಿದ್ರೆ ಜನ ನಂಬ್ತಾರಾ ಸಾರ್?” ಎಂದರು. ಪೈಪು ಬಂತು. ಪೈಪಿಗೆ ಅಡ್ಡವಾಗುತ್ತದೆ ಎಂದು ಇಲಿಯಾಸ್ ನನ್ನ ಬ್ಲೇಡಿನ ಪಿನ್ನುಗಳನ್ನು ಸುತ್ತಿಗೆಯಿಂದ ಬಡಿದು ಹೊರತೆಗೆದ. ಬರ್ಮಾದ ಗುಡ್ಡಗಳಿಗೆ ಬಗ್ಗದ ನನ್ನ ಮೂತಿ ಗ್ಯಾರೇಜಿನ ಹಿಂದಿನ ಗೋಡೆಗೆ ಒರಗಿತು. ಕೊಯ್ದು ಒಯ್ಯಲು ಗುಜರಿಯವನಿಗೆ ಹೇಳಿಯೂ ಆಯಿತು. ನನಗೆ ಬಾಯಿ ಇದ್ದಿದ್ದರೆ ಅಂದು ಬೈಯುತ್ತಿದ್ದ ಬೈಗುಳಕ್ಕೆ ಇಡೀ ಊರು ಕಿವಿ ಮುಚ್ಚಿಕೊಳ್ಳುತ್ತಿತ್ತು. ಇದ್ದ ಬಾಯಿಯನ್ನೇ ತೆಗೆದಿದ್ದರಲ್ಲ.

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಹಾರ, ಎಲ್ಲ ಇತ್ತು. ಸಭೆ ತುಂಬಿಸಲು ಹಳ್ಳಿಗಳಿಂದ ಮಹಿಳಾ ಸಂಘದವರನ್ನು ಟ್ರ್ಯಾಕ್ಟರುಗಳಲ್ಲಿ ಕರೆಸಿದ್ದರು. ಮೇಷ್ಟ್ರು ಮೈಕಿನ ಮುಂದೆ ನಿಂತು ನನ್ನ ಶೌರ್ಯವನ್ನು ವರ್ಣಿಸಿದರು. ಶತ್ರುಗಳ ಮೇಲೆ ಬೆಂಕಿ ಉಗುಳಿದೆನಂತೆ. ಸೀಟಿನ ಪಕ್ಕದ ಉಂಗುರವನ್ನು ತೋರಿಸಿ, ಸೈನಿಕರು ಅದಕ್ಕೆ ಕೈಬಾಂಬುಗಳ ಚೀಲ ನೇತುಹಾಕುತ್ತಿದ್ದರು ಎಂದರು. ಮಜ್ಜಿಗೆ ಚೆಂಬಿಗೆ ಬಂದ ಗತಿ ನೋಡಿ.

ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಎದ್ದಳು. ಪೊಲೀಸಿನವನು ತಡೆಯುವಷ್ಟರಲ್ಲಿ ನನ್ನ ಕಟ್ಟೆ ಹತ್ತಿ, ಕೈ ಮೇಲೆ ಚಾಚಿ ಆ ಉಂಗುರಕ್ಕೆ ಬೆರಳು ತೂರಿಸಿದಳು. ಆ ಬೆರಳು ನನಗೆ ಗುರುತು ಸಿಕ್ಕಿತು. ಬೋರಮ್ಮ.

“ಇದು ನಮ್ಮ ಸರ್ಕಾರಿ ಎಮ್ಮೆ ಅಲ್ವೇನಪ್ಪಾ?” ಎಂದಳು. “ಇದ್ರ ಮೂತಿ ಎಲ್ಲೋಯ್ತು?”

ಮೇಷ್ಟ್ರು ಕೆಳಗಿಳಿದು ಬಂದು ಮೆಲ್ಲಗೆ ಹೇಳಿದರು, “ಅಜ್ಜಿ, ಇದು ಯುದ್ಧದ ಟ್ಯಾಂಕು.”

“ಎಂಥ ಯುದ್ಧನಪ್ಪಾ? ನಮ್ಮ ಮಲ್ಲನಗುಂಟೆ ಕೆರೆ ಏರಿ ಹಾಕಿದ್ದು ಇದೇಯ. ಈ ಬಳೆಗೆ ನಾನೇ ಮಜ್ಜಿಗೆ ಚೆಂಬು ನೇತಾಕ್ತಿದ್ದೆ, ಪಾತಲಿಂಗಪ್ಪಣ್ಣಂಗೆ. ಆ ಕೆರೆ ನೀರು ಕುಡ್ದೇ ನನ್ನ ಮಕ್ಳು ಮೊಮ್ಮಕ್ಳು ಬೆಳೆದಿರೋದು. ಅದ್ರ ಮೂತಿ ಕಿತ್ತು ಇದೇನಿದು, ಬೋರಿನ್ ಪೈಪ್ ಇಟ್ಟಿದೀರಲ್ಲ.”

“ಕೆರೆ” ಎಂದರು ಮೇಷ್ಟ್ರು. ನನ್ನ ಪಕ್ಕೆಯ ಬಿಳಿ ಅಕ್ಷರಗಳನ್ನು ಒಮ್ಮೆ ನೋಡಿದರು. “ಟ್ಯಾಂಕ್ ಅಂದ್ರೆ ಕೆರೆ” ಎಂದು ತಮಗೆ ತಾವೇ ಹೇಳಿಕೊಂಡರು. ನೇರ ವೇದಿಕೆ ಹತ್ತಿ ಅಧ್ಯಕ್ಷರ ಕಿವಿಯಲ್ಲಿ, ದೊಡ್ಡ ತಪ್ಪಾಗಿದೆ, ಕಲ್ಲು ತೆಗೆಸಬೇಕು, ಬ್ಲೇಡು ಮತ್ತೆ ಹಾಕಿಸಬೇಕು ಎಂದರು. ಮೈಕು ಹತ್ತಿರವೇ ಇದ್ದುದರಿಂದ ಅಧ್ಯಕ್ಷರ ಉತ್ತರ ಎಲ್ಲರಿಗೂ ಕೇಳಿಸಿತು.

“ಕೆರೆಗೂ ಟ್ಯಾಂಕ್ ಅಂತಾರೆ, ಇದಕ್ಕೂ ಟ್ಯಾಂಕ್ ಅಂತಾರೆ. ಹಂಗಾದ್ರೆ ಕಲ್ಲಲ್ಲಿ ಬರೆದಿರೋದು ಸುಳ್ಳೇನಲ್ವಲ್ಲ. ಸುಮ್ನಿರಿ ಸಾರ್.”

ಜನ ನಕ್ಕರು. ಟೇಪು ಕತ್ತರಿಸಿದರು. ಚಪ್ಪಾಳೆ ಬಿತ್ತು. ಅಷ್ಟು ಜನರ ನಡುವೆ ನಗದೆ ನಿಂತವರು ಮೇಷ್ಟ್ರು ಮತ್ತು ಬೋರಮ್ಮ. ನಾನೂ ಸೇರಿದರೆ ಮೂವರು.

ಬೋರಮ್ಮ ಮನೆಗೆ ಹೊರಡಲು ಒಪ್ಪಲಿಲ್ಲ. ನನ್ನ ಚೈನಿನ ಮೇಲೆ ಕೂತುಬಿಟ್ಟಳು. “ಪೈಪು ನೀವೇ ಇಟ್ಕೊಳ್ರಪ್ಪ. ಮೂತಿ ನಮಗೆ ಕೊಡ್ರಿ, ತಗೊಂಡೋಗ್ತೀವಿ” ಎಂದಳು. ಮುದುಕಿ ಬೇಗ ತೊಲಗಿದರೆ ಸಾಕು ಎಂದು ಅಧ್ಯಕ್ಷರು ಒಪ್ಪಿ ಕೈ ಬೀಸಿದರು. ಮೇಷ್ಟ್ರು ಇಲಿಯಾಸನನ್ನು ಕರೆದುಕೊಂಡು ಗ್ಯಾರೇಜಿಗೆ ಓಡಿದರು. ಗುಜರಿಯವನು ಗ್ಯಾಸ್ ಕಟರ್ ಹಿಡಿದುಕೊಂಡು ಆಗಲೇ ಬಂದಿದ್ದನಂತೆ. ಅವನನ್ನು ವಾಪಸು ಕಳಿಸಿ, ಸಭೆಗೆ ಹೆಂಗಸರನ್ನು ಕರೆತಂದಿದ್ದ ಟ್ರ್ಯಾಕ್ಟರಿಗೇ ನನ್ನ ಮೂತಿಯನ್ನು ಏರಿಸಿದರು. ಸರ್ಕಲ್ಲಿನ ಮುಂದೆಯೇ ಅದು ಹಾದುಹೋಯಿತು. ಹೆಂಗಸರು ಅದರ ಸುತ್ತ ಕೂತಿದ್ದರು. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟ ಮೇಷ್ಟ್ರೂ ಅವರ ನಡುವೆ ನಿಂತು, ನನ್ನ ಬ್ಲೇಡು ಉರುಳದ ಹಾಗೆ ಹಿಡಿದುಕೊಂಡಿದ್ದರು. ನನ್ನ ಕಡೆಗೆ ಮುಖ ತಿರುಗಿಸಲಿಲ್ಲ.

ನಾನು ಈಗಲೂ ಸರ್ಕಲ್ಲಿನಲ್ಲಿದ್ದೇನೆ. ಇಂಜಿನ್ನು ಸರಿಯಿದೆ, ಎಬ್ಬಿಸುವವರಿಲ್ಲ. ಪೈಪಿನೊಳಗೆ ಗುಬ್ಬಿ ಗೂಡು ಕಟ್ಟಿದೆ. ಆಗಸ್ಟ್ ಹದಿನೈದಕ್ಕೆ ನನಗೆ ಹಾರ ಹಾಕಿ, ನಾನು ಕೊಲ್ಲದ ಶತ್ರುಗಳ ಕಥೆ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಕೊಂದವರನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸುತ್ತೀರಾ? ನೀರು ನಿಲ್ಲಿಸಿದವರಿಗೆ ಈ ಊರಿನಲ್ಲಿ ಒಂದು ಕಲ್ಲೂ ಇಲ್ಲವೇ? ಕಲ್ಲು ಬದಲಿಸಿ ಎಂದು ಮೇಷ್ಟ್ರು ಪುರಸಭೆಗೆ ಅಲೆಯುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ವಾಕಿಂಗಿಗೆ ಬಂದಾಗ ನನ್ನ ಪಕ್ಕ ಕೂತು, ಕಲ್ಲಿಗೆ ಬೆನ್ನು ಮಾಡಿ, ಮಲ್ಲನಗುಂಟೆಯ ಸುದ್ದಿ ಹೇಳುತ್ತಾರೆ. ಮೂತಿಯನ್ನು ಅಲ್ಲಿ ತೂಬಿನ ಪಕ್ಕ, ಅಲೆ ಬಡಿದು ಏರಿಯ ಮಣ್ಣು ಕರಗುವ ಕಡೆ, ಆಳವಾಗಿ ಹೂತು ನಿಲ್ಲಿಸಿದ್ದಾರಂತೆ. ಈಗ ಅದು ಮಣ್ಣು ತಳ್ಳುವುದಿಲ್ಲ, ಮಣ್ಣು ಕಾಯುತ್ತದೆ.

ಮೊನ್ನೆ ಒಂದು ರಾತ್ರಿ ಜೋರು ಮಳೆಯಾಯಿತು. ಬೆಳಿಗ್ಗೆ ಮೇಷ್ಟ್ರು ಬರಲಿಲ್ಲ. ಸಂಜೆ ಬಂದರು, ಪಂಚೆಯ ಅಂಚಿಗೆ ಕೆಸರು ಮೆತ್ತಿತ್ತು.

“ಕೆರೆ ತುಂಬ್ತು” ಎಂದರು. “ನೀರು ಬ್ಲೇಡಿನ ಅಂಚಿಗೆ ಬಂತು. ಬೋರಮ್ಮ ಎಲ್ಲರನ್ನೂ ತಡೆದು ನಿಲ್ಲಿಸಿದ್ಲು. ಯಾರೂ ಬಿಂದಿಗೆ ಅದ್ದಬೇಡಿ, ಮೊದ್ಲು ಎಮ್ಮೆ ಕುಡೀಲಿ ಅಂದ್ಲು.”

ಅಷ್ಟು ಹೇಳಿ ನನ್ನ ಪಕ್ಕೆಯ ಮೇಲೆ ಕೈಯಿಟ್ಟು ಕೂತರು. ನನ್ನ ಮೈ ಬಿಸಿಲಿಗೆ ಇನ್ನೂ ಸುಡುತ್ತಿತ್ತು. ಬಾಯಿ ಮಾತ್ರ ತಣ್ಣಗಾಯಿತು.