ಹಾರುವವರ ಹೆಗಲ ಮೇಲಿನ ಕಂಬಳಿ

ನಾನು ಒಂದು ಕರಿ ಕಂಬಳಿ. ಚಳ್ಳಕೆರೆ ಸೀಮೆಯ ಮಗ್ಗವೊಂದರಲ್ಲಿ ಹುಟ್ಟಿದೆ. ಕುರಿಯ ಮೈಮೇಲಿದ್ದಾಗ ಮೆತ್ತಗಿದ್ದೆ. ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಸಿಲಿಗೆ ಹರವಿದ ಮೇಲೆ ಹಲಗೆಯಂತೆ ಬಿರುಸಾದೆ. ಆ ಬಿರುಸೇ ನನ್ನ ಸ್ವಭಾವವಾಯಿತು.

ನನ್ನನ್ನು ಕೊಂಡವರು ಹಿಟ್ಟಿನ ಗಿರಣಿಯ ಮಾಳಿಂಗಪ್ಪನವರು. ಅವರಿಗೆ ಹಾರಲು ಬರುತ್ತಿತ್ತು. ಹೇಗೆ ಬಂತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಲೆ ಗಾಳಿ ತಣ್ಣಗಿರುತ್ತದೆಂದು ನನ್ನನ್ನು ಹೆಗಲಿಗೆ ಕಟ್ಟಿಕೊಂಡರು. ಇಪ್ಪತ್ತೆರಡು ವರ್ಷ ನಾವಿಬ್ಬರೂ ಆ ಸೀಮೆಯನ್ನು ಕಾದೆವು. ಹಳ್ಳಕ್ಕೆ ಬಿದ್ದ ಬಸ್ಸನ್ನು ಎತ್ತಿದೆವು. ಪಂಪ್‌ಸೆಟ್ಟಿನ ಕೇಬಲ್ ಕದ್ದವರನ್ನು ಬೇಲಿ ದಾಟುವ ಮೊದಲೇ ಹಿಡಿದೆವು. ಕೆಳಗಿನ ಜನ ತಲೆಯೆತ್ತಿ ‘ಕಂಬಳಿ ಬಂತು’ ಎನ್ನುತ್ತಿದ್ದರು; ಮಾಳಿಂಗಪ್ಪ ಬಂದರು ಎನ್ನುತ್ತಿರಲಿಲ್ಲ. ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಅರವತ್ತು ದಾಟಿದ ಮೇಲೆ ಅವರ ಮಂಡಿ ನೋಯತೊಡಗಿತು. ಏರುವುದಕ್ಕೆ ತೊಂದರೆಯಿರಲಿಲ್ಲ, ಇಳಿಯುವಾಗ ಜೀವ ಹೋಗುತ್ತಿತ್ತು. ಗಿರಣಿಗೆ ರಜೆಯಿರುವ ಸೋಮವಾರ ಮಾತ್ರ ಹಾರುವುದೆಂದು ನಿಶ್ಚಯಿಸಿ, ಉಳಿದ ದಿನಗಳನ್ನು ಮಗ ಬೀರೇಶನಿಗೆ ಬಿಟ್ಟುಕೊಟ್ಟರು. ಬೀರೇಶನಿಗೂ ಹಾರಲು ಬರುತ್ತಿತ್ತು, ಅದೂ ಅಪ್ಪನ ಎರಡರಷ್ಟು ವೇಗದಲ್ಲಿ. ದಾವಣಗೆರೆಗೆ ಹೋಗಿ ಮಿರಮಿರ ಮಿಂಚುವ ಕೆಂಪು ಹೊದಿಕೆ ಹೊಲಿಸಿಕೊಂಡು ಬಂದ. ಈ ಕಾಲದಲ್ಲಿ ಕಂಬಳಿ ಕಟ್ಟಿಕೊಂಡು ಹಾರಿದರೆ ಜನ ನಗುತ್ತಾರೆಂದು, ಸೋಮವಾರ ಬಿಟ್ಟು ಉಳಿದ ದಿನ ನನ್ನನ್ನು ಜೋಳದ ಚೀಲಗಳ ಕೆಳಗೆ ಹಾಸತೊಡಗಿದ. ಹಿಟ್ಟು ಬಿದ್ದು ಬೆಳ್ಳಗಾದೆ. ಮೆತ್ತಗೆ ಮಾತ್ರ ಆಗಲಿಲ್ಲ.

ಒಂದು ಮಂಗಳವಾರ ಹೊನ್ನೂರಮ್ಮ ಎಂಬ ಹೆಂಗಸು ಗಿರಣಿಗೆ ಬಂದಳು. ಅವಳು ಒಬ್ಬಳೇ ತೊಂಬತ್ತು ಕುರಿ ಸಾಕಿ ಬದುಕುತ್ತಿದ್ದವಳು. ಗಬ್ಬದ ಕುರಿಯೊಂದನ್ನು ದನದ ಆಸ್ಪತ್ರೆಗೆ ಕರೆದೊಯ್ದು ಬರುವಷ್ಟರಲ್ಲಿ, ಹಾಡಹಗಲೇ ಯಾರೋ ಉಳಿದ ಹಿಂಡನ್ನೆಲ್ಲ ಲಾರಿಗೆ ತುಂಬಿಕೊಂಡು ಹೋಗಿದ್ದರು. ಬೀರೇಶ ಆಗಲೇ ಹಾರಿದ. ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದೆ ಕಳ್ಳರನ್ನು ಕಂಡದ್ದೂ ನಿಜ. ಆದರೆ ಅವನು ನೆಲಕ್ಕಿಳಿದ ಕೂಡಲೇ ಅವರು ಕಣ್ಣಿಗೆ ಖಾರದಪುಡಿ ಎರಚಿದರು. ಕೆಂಪು ಹೊದಿಕೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು. ಅವನು ಬಿಡಿಸಿಕೊಳ್ಳುವಷ್ಟರಲ್ಲಿ ಲಾರಿ ಮಾಯವಾಗಿತ್ತು. ಕಣ್ಣು ಊದಿಸಿಕೊಂಡು ಮನೆಗೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ.

ಹೊನ್ನೂರಮ್ಮ ಅಳಲಿಲ್ಲ. ತನ್ನ ಕೂಗು ಕೇಳದಿದ್ದರೆ ಆ ಕುರಿಗಳು ನೀರನ್ನೂ ಮುಟ್ಟುವುದಿಲ್ಲ ಎಂದಷ್ಟೇ ಹೇಳಿದಳು. ಮಾಳಿಂಗಪ್ಪನವರು ಗಿರಣಿ ನಿಲ್ಲಿಸಿ, ಆ ಕೂಗನ್ನು ಒಮ್ಮೆ ಕೂಗು ಎಂದರು. ಅವಳು ಕೂಗಿದಳು. ಅದು ಸರಿಯಾಗಿ ಬರುವತನಕ ಅವರೂ ಕೂಗಿದರು. ಮಾರನೆಯ ಬೆಳಗ್ಗೆ ಚೀಲಗಳ ಕೆಳಗಿನಿಂದ ನನ್ನನ್ನು ಎಳೆದು ಕೊಡವಿದರು.

ಬೀರೇಶ ಅಡ್ಡ ನಿಂತ. “ಇವತ್ತು ಸೋಮವಾರ ಅಲ್ಲ ಅಪ್ಪಾಜಿ. ನಿಮ್ಗೆ ಮಂಡಿ ನೋವೈತೆ.”

“ದಿನಾ ಹಾರೋದು ಬಿಟ್ಟಿದೀನಿ ಕಣೋ. ಹಾರೋದೇ ಬಿಟ್ಟಿಲ್ಲ. ನಡಿ.”

ರಾತ್ರಿ ಎಲ್ಲೋ ಅಡಗಿದ್ದ ಕಳ್ಳರು ಈಗ ಹೆದ್ದಾರಿಗೆ ಬಂದಿರಬೇಕೆಂದು ಅವರ ಲೆಕ್ಕ. ಹೆದ್ದಾರಿಯ ಮೇಲೆ ಸಾಲುಸಾಲು ಲಾರಿ. ಎಲ್ಲದಕ್ಕೂ ಟಾರ್ಪಾಲು. ಮಾಳಿಂಗಪ್ಪನವರು ಕೆಳಗೆ ತೇಲಿ ಹೊನ್ನೂರಮ್ಮನ ಕೂಗು ಹಾಕುತ್ತಾ ಹೋದರು. ಹತ್ತು ಲಾರಿ ಸುಮ್ಮನಿದ್ದವು. ಈರುಳ್ಳಿ ಮೂಟೆ ಪೇರಿಸಿದ್ದ ಲಾರಿಯೊಂದು ‘ಬ್ಯಾ’ ಎಂದಿತು. ನಾನೂ ಒಂದು ಕಾಲಕ್ಕೆ ಕುರಿಯೇ; ನನ್ನ ಎಳೆ ಎಳೆಯೂ ಜುಮ್ಮೆಂದಿತು.

ಬೀರೇಶ ಲಾರಿಯ ಹಿಂಭಾಗವನ್ನು ಎತ್ತಿ ಹಿಡಿದ. ಚಕ್ರಗಳು ಗಾಳಿಯಲ್ಲಿ ತಿರುಗಿದವು. ಮೂವರು ಕೆಳಗೆ ಧುಮುಕಿದರು. ಅವರ ಕೈಯಲ್ಲಿ ಮತ್ತೆ ಅದೇ ಖಾರದಪುಡಿ, ಜೊತೆಗೆ ಒಂದು ಮಚ್ಚು. ಎರಡೂ ಕೈ ಕಟ್ಟಿದಂತಿದ್ದ ಮಗನ ಮುಂದೆ ಅಪ್ಪ ಇಳಿದು ನನ್ನನ್ನು ಅಗಲವಾಗಿ ಹಿಡಿದರು. ಇಳಿದ ರಭಸಕ್ಕೆ ಮಂಡಿ ಮಡಚಿಕೊಂಡಿತು, ಕುಸಿದು ಕೂತರು. ನನ್ನ ತುದಿಯನ್ನು ಮಾತ್ರ ಬಿಡಲಿಲ್ಲ. ಖಾರವೆಲ್ಲ ನನ್ನ ಮೇಲೆ ಬಿತ್ತು. ಮಚ್ಚು ನನ್ನನ್ನು ಒಂದು ಮೊಳ ಸೀಳಿ, ಬಿರುಸು ಉಣ್ಣೆಯಲ್ಲಿ ಕಚ್ಚಿಕೊಂಡಿತು. ಅಷ್ಟು ಹೊತ್ತು ಸಾಕಾಯಿತು. ಬೀರೇಶ ಲಾರಿಯನ್ನು ಇಳಿಸಿ, ತನ್ನ ಕೆಂಪು ಹೊದಿಕೆಯನ್ನು ಹಗ್ಗದಂತೆ ಹೊಸೆದು ಮೂವರನ್ನೂ ಕಟ್ಟಿದ. ಪೊಲೀಸರು ಬಂದು ಆ ಹೊದಿಕೆಯನ್ನು ಸಾಕ್ಷಿಗೆಂದು ಒಯ್ದರು.

ಒಳಗೆ ಎರಡು ಮರಿಗಳು ಉಸಿರುಗಟ್ಟಿ ಸತ್ತಿದ್ದವು. ಹೊನ್ನೂರಮ್ಮ ಅವನ್ನು ಮಣ್ಣು ಮಾಡಿ ಬಂದು, ನನ್ನ ಸೀಳನ್ನು ಹೊಲಿದಳು.

ಆಮೇಲೆ ಹನ್ನೊಂದು ವರ್ಷ ಅಪ್ಪ, ಮಗ ಇಬ್ಬರ ಹೆಗಲ ಮೇಲೂ ಹಾರಿದೆ. ಈಗ ಅಲ್ಲಲ್ಲಿ ತೂತಾಗಿದ್ದೇನೆ. ಗಾಜಿನ ಬೀರುವಿನಲ್ಲಿ ಇಡುತ್ತೇವೆ, ಕೊಡಿ ಎಂದು ಶಾಲೆಯವರು ಕೇಳಿದರು. ಮಾಳಿಂಗಪ್ಪನವರು ಕೊಡಲಿಲ್ಲ. ಹರಿದದ್ದೆಲ್ಲ ಮುಗಿದದ್ದಲ್ಲ ಎಂದು ಅವರೂ ನಂಬಿದ್ದಾರೆ, ನಾನೂ ನಂಬಿದ್ದೇನೆ. ಡಾಕ್ಟರು ಅವರಿಗೆ ಮೆಟ್ಟಿಲು ಹತ್ತುವುದೂ ಬೇಡವೆಂದಿದ್ದಾರೆ. ಆದರೂ ನನ್ನನ್ನು ಒಣಹಾಕುವ ನೆಪದಲ್ಲಿ ದಿನವೂ ಮಾಳಿಗೆಗೆ ಬರುತ್ತಾರೆ. ನಿನ್ನೆ ಬೆಳಗ್ಗೆ ನನ್ನನ್ನು ಹೆಗಲಿಗೆ ಕಟ್ಟಿಕೊಂಡು, ಅತ್ತಿತ್ತ ನೋಡಿ, ಕಣ್ಣು ಮುಚ್ಚಿದರು. ಅವರ ಪಾದ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು.

“ಬೀರೇಶನಿಗೆ ಹೇಳ್ಬೇಡ,” ಎಂದರು.

ನಾನು ಅವನಿಗೆ ಹೇಳಿಲ್ಲ.