ಬಾತ್‌ರೂಮಿನ ಸೀನು

ಚಳಿ ಕಳೆದು ಬಿಸಿಲು ಇನ್ನೂ ಚುರುಕಾಗದ ದಿನಗಳವು. ಒಂದು ಶನಿವಾರ ಸಂಜೆ, ದೀಪ ಹಾಕುವುದಕ್ಕೆ ಸ್ವಲ್ಪ ಮುಂಚೆ, ಪ್ಲಂಬರ್ ಕೆಲಸ ಮುಗಿಸಿ ಮನೆಗೆ ಬಂದಾಗ ಹೊಸ್ತಿಲ ಪಕ್ಕದಲ್ಲಿ ಮಗಳ ಚಪ್ಪಲಿ ಕಂಡವು. ಮುಂದಿನ ತಿಂಗಳು ಬರುತ್ತೇನೆ ಅಂದಿದ್ದವಳು ಅವಳು. ಬೇರೆ ದಿನವಾಗಿದ್ದರೆ ಅವನು ಹತ್ಯಾರಿನ ಚೀಲವನ್ನು ಅಲ್ಲೇ ಇಳಿಸಿ ಒಳಗೆ ಓಡುತ್ತಿದ್ದ. ಅಂದು ಮಾತ್ರ ಚಪ್ಪಲಿ ನೋಡುತ್ತ ನಿಂತುಬಿಟ್ಟ. ಮಾರನೆಯ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಸಿನಿಮಾ ತೋರಿಸುವವರಿದ್ದರು.

ಒಳಗಿನಿಂದ ಹೆಂಡತಿಯ ದನಿ ಕೇಳಿತು. "ನಿಮ್ಮಪ್ಪ ಹೀರೋ ಆಗಿದಾರೆ ಕಣೇ! ತಾವಾಗಿ ಹೇಳಲ್ಲ, ನಾಚಿಕೆ. ನಾಳೆ ನಾವಿಬ್ರೂ ಮುಂದಿನ ಬೆಂಚಲ್ಲೇ ಕೂತು ನೋಡೋಣ."

ಅವನು ಹೊಸ್ತಿಲು ದಾಟಲಿಲ್ಲ.

ಆ ಸಿನಿಮಾ ಮಾಡಿದ್ದು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಭಾನುವಾರದ ಆರಾಧನೆಗೆ ಹೊರಡಲು ಒಂದು ಕುಟುಂಬ ಪಡುವ ಪಾಡು, ಅಷ್ಟೇ ಕತೆ. ಮನೆಮಂದಿಯೆಲ್ಲ ಕೂತು ನಗಬೇಕು, ಕೊನೆಗೊಂದು ಪ್ರಾರ್ಥನೆ ಇರಬೇಕು. ಸಭೆಯವರೇ ನಟರು, ಸಭೆಯವರ ಮನೆಗಳೇ ಸೆಟ್ಟು. ಪ್ಲಂಬರ್‌ನನ್ನು ಮೊದಲು ಕರೆದದ್ದು ನಟಿಸುವುದಕ್ಕಲ್ಲ, ಅಡುಗೆಮನೆಯಲ್ಲಿ ಪೈಪ್ ಒಡೆದು ನೀರು ಚಿಮ್ಮಬೇಕು ಆದರೆ ಯಾರಿಗೂ ಕರೆಂಟ್ ಹೊಡೆಯಬಾರದು ಅಂತ. ಅಪ್ಪನ ಪಾತ್ರ ಮಾಡಬೇಕಿದ್ದ ಬೇಕರಿಯವರು ಕಾಲು ಉಳುಕಿಸಿಕೊಂಡರು. ಮೇಷ್ಟ್ರು ಸುತ್ತಮುತ್ತ ನೋಡಿ, "ನೀವೇ ನಿಂತುಬಿಡಿ ಮಾರಾಯ್ರೆ, ಹೇಗೂ ಒದ್ದೆಯಾಗಿದೀರಿ" ಅಂದರು.

ಮೇಷ್ಟ್ರದ್ದು ಒಂದು ಪದ್ಧತಿ. ಅವರು ಮಾತು ಬರೆದುಕೊಡುವುದಿಲ್ಲ. "ಬರೆದ ಮಾತು ನಮ್ಮ ಜನರ ಬಾಯಿಗೆ ಹತ್ತಲ್ಲ. ಇದು ನಿಮ್ಮ ಮನೇಲಾಗಿದ್ರೆ ಏನಂತಿದ್ರಿ? ಅದನ್ನೇ ಅನ್ನಿ" ಅನ್ನುತ್ತಾರೆ. ಇನ್ನೊಂದು ಪದ್ಧತಿ, ಸಿನಿಮಾ ಬೇರೆ ಚರ್ಚುಗಳಿಗೆ ಹೋಗುವ ಮುಂಚೆ ತಮ್ಮ ಸಭೆಗೇ ತೋರಿಸುವುದು. ಎಲ್ಲಿ ಜನ ನಗಲಿಲ್ಲವೋ ಅಲ್ಲಿಗೆ ಕತ್ತರಿ.

ಕತೆಯಲ್ಲೊಂದು ಬಾತ್‌ರೂಮಿನ ಸೀನು. ಮಗಳು ಚರ್ಚಿನಲ್ಲಿ ಹಾಡಲಾರೆನೆಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ, ಅಪ್ಪ ಹೊರಗೆ ಕೂತು ಅವಳನ್ನು ಕರೆಯಬೇಕು. ಪ್ಲಂಬರ್ ಬಾಗಿಲ ಮುಂದೆ ನೆಲಕ್ಕೆ ಕೂತ. ಕ್ಯಾಮೆರಾ ಓಡತೊಡಗಿತು. ಅವನ ಬಾಯಿಂದ ಏನು ಬಂತೆಂದು ಅವನಿಗೇ ಆಮೇಲೆ ತಿಳಿದದ್ದು. ವರ್ಷಗಳ ಹಿಂದೆ ತನ್ನ ಮಗಳಿಗೆ ತನ್ನ ಮನೆಯ ಬಾಗಿಲ ಮುಂದೆ ಕೂತು ಹೇಳಿದ್ದ ಮಾತುಗಳು, ಒಂದೂ ಬಿಡದೆ, ಅದೇ ಸಾಲಿನಲ್ಲಿ ಬಂದಿದ್ದವು.

ಆಗ ಅವಳಿನ್ನೂ ಹೈಸ್ಕೂಲು ಮುಗಿಸಿದ ಹುಡುಗಿ. ಅದೇ ಹಾಲ್‌ನಲ್ಲಿ ಒಬ್ಬಳೇ ನಿಂತು ಹಾಡುವಾಗ ಮೇಲಿನ ಸ್ವರಕ್ಕೆ ದನಿ ಒಡೆಯಿತು. ಮೊದಲು ಒಂದು ಬೆಂಚು ಕಿಸಕ್ಕೆಂದಿತು, ಆಮೇಲೆ ಇಡೀ ಹಾಲ್ ನಕ್ಕಿತು. ಮನೆಗೆ ಬಂದವಳೇ ಬಾತ್‌ರೂಮು ಸೇರಿ ಚಿಲಕ ಹಾಕಿದಳು, ಕತ್ತಲಾಗುವವರೆಗೂ ತೆಗೆಯಲಿಲ್ಲ. ಆ ಬಾತ್‌ರೂಮಿನ ಸುದ್ದಿ ಮನೆಯ ಮೂವರನ್ನು ದಾಟಿ ಹೋಗಿರಲಿಲ್ಲ. ಆಮೇಲೆ ಅವಳು ಹಾಡಲಿಲ್ಲ. ಓದು, ಆಸ್ಪತ್ರೆಯ ಲ್ಯಾಬಿನ ಕೆಲಸ ಅಂತ ದೂರದ ಊರು ಹಿಡಿದಳು. ಅಪ್ಪನ ಜೊತೆ ಮಾತೆಂದರೆ ಹೂಂ, ಉಹೂಂ. ಈಚೆಗಷ್ಟೇ, ಬಂದಾಗಲೆಲ್ಲ ಸಂಜೆ ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ನಾಲ್ಕು ಮಾತಾಡಲು ಶುರುಮಾಡಿದ್ದಳು. ಆ ನಾಲ್ಕು ಮಾತೂ ನಾಳೆ ಕೈಬಿಟ್ಟು ಹೋಗುತ್ತವಲ್ಲ ಎಂಬುದೇ ಅವನ ಭಯ. ನಕ್ಕ ಜನರೆದುರಿಗೇ, ಅದೇ ಹಾಲ್‌ನಲ್ಲಿ, ಅವಳ ಗುಟ್ಟನ್ನು ನಗುವುದಕ್ಕೇ ಅಂತ ಬಿಚ್ಚಿಟ್ಟವನು ಬೇರೆ ಯಾರೂ ಅಲ್ಲ, ಹೆತ್ತಪ್ಪ.

ಕೈಕಾಲು ತೊಳೆಯದೆ ಮೇಷ್ಟ್ರ ಮನೆಗೆ ನಡೆದ.

"ಆ ಬಾತ್‌ರೂಮಿನ ಸೀನು ತೆಗೆದುಬಿಡಿ ಮೇಷ್ಟ್ರೆ."

"ಯಾಕ್ರೀ?"

"ಚೆನ್ನಾಗಿಲ್ಲ."

"ನೀವು ಪೈಪ್ ನೋಡ್ಕೊಳ್ಳಿ, ಸಿನಿಮಾ ನಾನು ನೋಡ್ಕೋತೀನಿ" ಎಂದು ಮೇಷ್ಟ್ರು ಬೆನ್ನು ತಟ್ಟಿದರು. "ಆ ಸೀನಿಗೆ ಜನ ಬಿದ್ದು ಬಿದ್ದು ನಗದಿದ್ರೆ ನನ್ನ ಹೆಸರು ಬದಲಾಯಿಸಿ."

ಊಟಕ್ಕೆ ಕೂತಾಗ ಮಗಳ ಕಡೆ ನೋಡದೆ, "ನಾಳೆ ಬರಲೇಬೇಕೂಂತೇನಿಲ್ಲ ಮರಿ. ಸುಸ್ತಾಗಿರ್ತೀಯ" ಅಂದ.

"ಯಾಕಪ್ಪ, ಅಷ್ಟು ಕೆಟ್ಟದಾಗಿ ಮಾಡಿದೀಯಾ?" ಅವಳು ನಕ್ಕಳು. "ಹಾಗಾದ್ರೆ ನೋಡಲೇಬೇಕು."

ಭಾನುವಾರ ಹಾಲ್ ತುಂಬಿತ್ತು. ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟಿದ್ದರು. ನಟರೆಲ್ಲ ಹಿಂದೆ ಕೂರಬೇಕು ಅಂತ ಮೇಷ್ಟ್ರ ಅಪ್ಪಣೆ. ಹೆಂಡತಿ ಮಗಳನ್ನು ಕರೆದುಕೊಂಡು ಮುಂದೆ ಹೋದಳು. ಪ್ಲಂಬರ್‌ಗೆ ಮಗಳ ಜಡೆ, ಒಂದು ಕಿವಿ, ಅಷ್ಟೇ ಕಾಣುತ್ತಿತ್ತು. ಸಿನಿಮಾ ಮುಗಿಯುವ ತನಕ ಅವನು ನೋಡಿದ್ದು ಆ ಕಿವಿಯನ್ನೇ.

ಮೊದಲ ನಗು ಎದ್ದದ್ದು ಕತೆಗಲ್ಲ.

"ಏ, ಅದು ನಮ್ಮ ಸೋಫಾ!"

"ಹೌದೇನ್ರೀ? ಕವರ್ ಒಗೆದು ಕೊಡಬಾರದಿತ್ತಾ?"

"ನಮ್ಮ ಕುಕ್ಕರ್ ನೋಡ್ರೀ, ಕುಕ್ಕರ್! ವಾಪಸ್ಸೇ ಕೊಟ್ಟಿಲ್ಲ ಇನ್ನೂ."

ಪೈಪ್ ಒಡೆದು ಅತ್ತೆಯ ಪಾತ್ರದವರ ಕನ್ನಡಕ ಹಾರಿದಾಗ ಪಾಸ್ಟರ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೇಷ್ಟ್ರು ಗೋಡೆಗೆ ಒರಗಿ ನಗುವನ್ನು ಬೆರಳಲ್ಲಿ ಎಣಿಸುತ್ತಿದ್ದರು. ಮಗಳ ಕಿವಿಯೂ ನಗುವಿಗೆ ಅಲುಗಾಡಿತು. ಪ್ಲಂಬರ್ ಅಂಗೈ ಬೆವರು ಪ್ಯಾಂಟಿಗೆ ಒರೆಸಿಕೊಂಡ. ಬಂತು, ಇನ್ನೇನು ಬಂತು.

ಬೆಡ್‌ಶೀಟಿನ ಮೇಲೆ ಅವನು ಬಾಗಿಲ ಮುಂದೆ ಕೂತ. "ಬಾ ಮರಿ, ಯಾರೂ ಏನೂ ಅಂದ್ಕೊಂಡಿಲ್ಲ... ಅಪ್ಪ ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ... ಮಂಡಿ ನೋಯ್ತಿದೆ ಕಣವ್ವಾ... ನೀನು ಬರೋವರೆಗೂ ನಾನೂ ಊಟ ಮಾಡಲ್ಲ..." ಆಮೇಲೆ ಒಡಕು ದನಿಯಲ್ಲಿ ಅವಳ ಹಾಡನ್ನು ತಾನೇ ಎತ್ತಿಕೊಂಡ.

ಹಿಂದಿನ ಬೆಂಚಿನಲ್ಲಿ ಅವನು ಕಣ್ಣು ಮುಚ್ಚಿ ನಗುವಿಗಾಗಿ ಕಾದ. ನಗು ಬರಲಿಲ್ಲ. ಸಿನಿಮಾ ಜೊತೆ ಮಾತಾಡುವ ಅಭ್ಯಾಸದ ದರ್ಜಿ ಅಜ್ಜಿ ಬೆಡ್‌ಶೀಟಿಗೆ ಕೈ ತೋರಿಸಿ ಗದರಿದಳು: "ತೆಗಿಯೇ ಬಾಗಿಲು! ಅಪ್ಪನ್ನ ಹೀಗಾ ನೆಲಕ್ಕೆ ಕೂರಿಸೋದು?"

"ಎಂಥ ಹಟ ನೋಡು."

"ಈಗಿನ ಮಕ್ಕಳಿಗೆ ಕರುಳೇ ಇಲ್ಲ ಬಿಡಿ."

"ನಮ್ಮನೇಲಾಗಿದ್ರೆ ಬಾಗಿಲು ಒಡೆದು ಎರಡು ಬಿಟ್ಟಿರ್ತಿದ್ದೆ."

ಇದನ್ನು ಅವನು ಎಣಿಸಿರಲಿಲ್ಲ. ನಕ್ಕುಬಿಡುತ್ತಾರೆ ಅಂತ ಹೆದರಿದ್ದವನು, ಬೈಯುತ್ತಾರೆ ಅಂತ ಕನಸಿನಲ್ಲೂ ನೆನೆಸಿರಲಿಲ್ಲ. ಅಂದು ನಕ್ಕು ಅಳಿಸಿದವರು ಇಂದು ಅತ್ತದ್ದಕ್ಕೇ ಬೈಯುತ್ತಿದ್ದಾರೆ. ಎಲ್ಲರ ಮರುಕ ತನ್ನ ಪಾಲಿಗೆ, ಬೈಗುಳವೆಲ್ಲ ಅವಳ ಪಾಲಿಗೆ. ಮಗಳ ಕಿವಿ ಈಗ ಅಲ್ಲಾಡಲಿಲ್ಲ.

ದೀಪ ಹಾಕಿದರು. ಮೈಕು ಕೈಯಿಂದ ಕೈಗೆ ಹೋಯಿತು. ಸಿನಿಮಾ ಹೇಗಿತ್ತೆಂದು ಒಬ್ಬೊಬ್ಬರೂ ಎದ್ದು ಹೇಳುವುದು ಅಲ್ಲಿಯ ರೂಢಿ. ಬೇಕರಿಯವರು ಕೋಲೂರಿ ಎದ್ದು, "ನನ್ನ ಪಾತ್ರ ಹೊಡ್ಕೊಂಡ್ರೂ ಹೊಟ್ಟೆಕಿಚ್ಚಿಲ್ಲ, ನನಗೆ ಅಷ್ಟು ಅಳೋಕೆ ಬರ್ತಿರಲಿಲ್ಲ" ಅಂದರು. ಪಾಸ್ಟರ್, ತಂದೆತಾಯಿಯನ್ನು ಸನ್ಮಾನಿಸುವ ಪಾಠ ಇದರಲ್ಲಿದೆ, ಆ ಸೀನಿನ ಒಂದು ಅಕ್ಷರವನ್ನೂ ತೆಗೆಯಬೇಡಿ ಅಂದರು. ಎಲ್ಲರೂ ಹಿಂದೆ ತಿರುಗಿ ಪ್ಲಂಬರ್‌ಗೆ ಚಪ್ಪಾಳೆ ತಟ್ಟಿದರು. ಅವನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಮಗಳು ಎದ್ದು ಮೈಕಿಗೆ ಕೈ ಚಾಚಿದಳು.



"ಸಿನಿಮಾ ಚೆನ್ನಾಗಿದೆ" ಅಂದಳು. ದನಿ ಸಣ್ಣಗಿದ್ದರೂ ನಡುಗುತ್ತಿರಲಿಲ್ಲ. "ಬಾತ್‌ರೂಮಿನ ಸೀನು ಮಾತ್ರ ನಂಗೆ ಸರಿಹೋಗಲಿಲ್ಲ. ಆ ಹುಡುಗಿ ಹಟಕ್ಕೆ ಕೂತಿಲ್ಲ. ಆ ಅಪ್ಪ ಬಾಗಿಲು ಬಿಟ್ಟು ಕದಲ್ತಾನೇ ಇಲ್ಲ, ಅವಳು ಬರೋದಾದ್ರೂ ಹೇಗೆ? ಅತ್ತು ಊದಿಕೊಂಡ ಮುಖ ಹೊತ್ತು ನೇರ ಅವನ ಮಡಿಲಿಗೇ ಬೀಳಬೇಕಾ? ಸ್ವಲ್ಪ ಹೊತ್ತು ಆಚೆ ಹೋಗಿ ಸುಮ್ನಿದ್ದಿದ್ರೆ, ಮುಖ ತೊಳ್ಕೊಂಡು ತಾನಾಗೇ ಬರ್ತಿದ್ಲು."

ಮೊದಲು ಬಾಯಿಬಿಟ್ಟವಳು ದರ್ಜಿ ಅಜ್ಜಿಯೇ. "ಹುಡುಗಿ ಮಾತಲ್ಲಿ ನ್ಯಾಯ ಇದೆ ಕಣ್ರೋ. ನಮ್ಮ ಯಜಮಾನ್ರು ಬಾಗಿಲ ಹತ್ರ ನಿಂತು ‘ಆಯ್ತಾ, ಆಯ್ತಾ’ ಅಂತಲೇ ಬದುಕು ಕಳೆದ್ರು. ನಾನು ನೆಮ್ಮದಿಯಾಗಿ ಸ್ನಾನ ಮಾಡಿದ್ದು ಅವರು ಹೋದ ಮೇಲೇನೇ."

ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ಲಂಬರ್ ನಗಲಿಲ್ಲ. ತಾನು ಇಷ್ಟು ವರ್ಷ ಎದೆಗವಚಿಕೊಂಡಿದ್ದ ಒಂದು ಒಳ್ಳೆಯ ಕೆಲಸ ಹೀಗೆ ಮಗ್ಗುಲು ಬದಲಿಸಿ ತೋರಿದಾಗ ಮನುಷ್ಯನಿಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

"ಹಾಗಾದ್ರೆ ಏನು ಮಾಡೋಣಮ್ಮ?" ಮೇಷ್ಟ್ರು ಕೇಳಿದರು.

"ಮಾತು ಕಡಿಮೆ ಮಾಡಿ. ನಾಳೆ ಬಂದು ಹೇಳ್ತೀನಿ, ಯಾವುದು ಅಂತ. ಅಪ್ಪನೂ ಬರ್ತಾರೆ."

ದಾರಿಯುದ್ದಕ್ಕೂ ಹೆಂಡತಿ ಸೋಫಾದ ವಿಷಯ ಹೇಳಿಕೊಂಡು ನಗುತ್ತಿದ್ದಳು. ಗಂಟಲಿಗೆ ಬಂದ ಮಾತನ್ನೆಲ್ಲ ಅವನು ನುಂಗಿಕೊಂಡ. ಕ್ಷಮೆ ಕೇಳಿದರೆ ಅದೂ ಬಾಗಿಲು ತಟ್ಟಿದ ಹಾಗೇ ಆಗುತ್ತದೇನೋ. ಕೇಳದಿದ್ದರೆ?

ಸೋಮವಾರ ಮೇಷ್ಟ್ರ ಪುಟ್ಟ ಕೋಣೆಯಲ್ಲಿ, ಒಣಗಲು ಇಟ್ಟ ಕುಂಚಗಳ ನಡುವೆ, ಕಂಪ್ಯೂಟರ್ ಮುಂದೆ ಮೂವರೂ ಸ್ಟೂಲು ಹಾಕಿಕೊಂಡು ಕೂತರು. ಅವನ ದನಿಯನ್ನು ಮೇಷ್ಟ್ರು ತುಂಡು ತುಂಡಾಗಿ ಕೇಳಿಸಿದರು.

‘ಯಾರೂ ಏನೂ ಅಂದ್ಕೊಂಡಿಲ್ಲ.’

"ಬೇಡ. ಎಲ್ಲರೂ ಅಂದ್ಕೊಂಡಿದಾರೆ, ಅವಳಿಗೆ ಗೊತ್ತು."

‘ನೀನು ಬರೋವರೆಗೂ ನಾನೂ ಊಟ ಮಾಡಲ್ಲ.’

"ಇದಂತೂ ಮೊದಲು ಹೋಗಲಿ. ಅಳೋದನ್ನ ಅರ್ಧಕ್ಕೆ ಬಿಟ್ಟು ಅಪ್ಪನ ಹಸಿವು ನೋಡ್ಕೋಬೇಕಾ ಅವಳು?"

ಹಾಡು ಬಂತು. ಅವಳ ತುಟಿಯ ಕೊನೆ ಅಲುಗಿತು. "ಶ್ರುತಿ ಎಲ್ಲೋ, ನೀನೆಲ್ಲೋ. ಬೇಡ."

ಒಂದೊಂದಕ್ಕೂ ಅವನಿಗೆ ಹಲ್ಲು ಕೀಳಿಸಿಕೊಂಡ ಹಾಗಾಗುತ್ತಿತ್ತು. ಎಲ್ಲ ಹೋದಮೇಲೆ ಉಳಿಯುವುದಾದರೂ ಏನು?

‘ಮರಿ, ನಲ್ಲಿನಾದ್ರೂ ನಿಲ್ಲಿಸು, ಟ್ಯಾಂಕ್ ಖಾಲಿ ಆಗುತ್ತೆ.’

"ಇದಿರಲಿ."

"ಇದಾ? ಇದರಲ್ಲೇನಿದೆ?" ಮೇಷ್ಟ್ರಿಗೆ ಆಶ್ಚರ್ಯ.

"ಅಳೋದು ಕೇಳಿಸಬಾರದೂಂತ ಅವಳು ನಲ್ಲಿ ಬಿಟ್ಕೊಂಡಿರ್ತಾಳೆ. ಇವನಿಗೆ ಟ್ಯಾಂಕಿನ ಚಿಂತೆ. ನಗು ಬರುತ್ತೆ." ನಿನ್ನೆಯಿಂದ ಮೊದಲ ಸಲ ಅಪ್ಪನ ಮುಖ ನೋಡಿದಳು. "ಬಂದಿತ್ತು."



ಮೇಷ್ಟ್ರು ‘ಕಟ್’ ಅಂದಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಓಡಿತ್ತು. ಅದರಲ್ಲಿ ಅವನು ಮಂಡಿ ಹಿಡಿದು ಎದ್ದು, ನೀರು ನಿಲ್ಲಿಸುವ ಮೇನ್ ವಾಲ್ವ್ ಮುಚ್ಚಲು ಆಚೆ ಹೋಗುತ್ತಾನೆ. ಖಾಲಿ ಪಡಸಾಲೆ. ಬಾತ್‌ರೂಮಿನ ಬಾಗಿಲು ತೆರೆದು ಪಾತ್ರದ ಹುಡುಗಿ ಆಚೆ ಇಣುಕುತ್ತಾಳೆ.

"ಇದನ್ನೇ ಹಾಕಿ" ಅಂದಳು ಮಗಳು.

"ಪಾಸ್ಟರ್ ನನ್ನ ತಲೆ ತೆಗೀತಾರೆ" ಎಂದು ಗೊಣಗುತ್ತಲೇ ಮೇಷ್ಟ್ರು ಹಾಕಿದರು.

ಮಗಳ ರಜೆ ಅಷ್ಟೇ ಇತ್ತು. ಮಾರನೆಯ ಬೆಳಿಗ್ಗೆ ಅವನು ಬಸ್‌ಸ್ಟ್ಯಾಂಡಿಗೆ ಅವಳ ಚೀಲ ಹೊತ್ತು ಬಂದ. ಯಾವಾಗಲೂ ಬಸ್ಸು ಚಲಿಸುವವರೆಗೆ ಕಿಟಕಿ ಸರಳು ಹಿಡಿದು, ನೀರು ಕುಡಿ, ಹುಷಾರು, ಮತ್ತೆ ಯಾವಾಗ ಬರ್ತೀಯ ಅಂತ ಕೇಳುತ್ತಲೇ ಇರುವವನು. ಇಂದು ಚೀಲ ಮೇಲಿಟ್ಟು ಕೆಳಗಿಳಿದ. ಮುಂದಿನ ಸಲ ಅನ್ನುವುದು ಇದೆಯೋ ಇಲ್ಲವೋ, ಕೇಳದೆ ತಿಳಿಯುವ ಹಾಗಿಲ್ಲ. ಪ್ರಶ್ನೆ ನಾಲಿಗೆ ತುದಿಯಲ್ಲೇ ಇತ್ತು.

"ಸರಿ ಮರಿ" ಅಂದ.

"ಸರಿ ಅಪ್ಪ" ಅಂದಳು.

ಹಿಂತಿರುಗಿ ನೋಡಲು ಕುತ್ತಿಗೆ ಎಳೆಯುತ್ತಿತ್ತು. ನೋಡಲಿಲ್ಲ. ಆ ಮಂಗಳವಾರ, ಬಸ್ಸಿನ್ನೂ ನಿಂತಿರುವಾಗಲೇ, ಮೊದಲು ಹೊರಟವನು ಅಪ್ಪ.