ಗೋಲಿನ ಹಿಂದೆ ನಿಂತವರು

ಹೆಗಲ ಮೇಲಿನ ಪಟ್ಟಿ ಜಾರಿತು. ಕೌಕೊ ಎಡಗೈಯಿಂದ ಅದನ್ನು ಹಿಡಿದು ಮೇಲಕ್ಕೆಳೆದುಕೊಳ್ಳುವಷ್ಟರಲ್ಲಿ ಶವಪೆಟ್ಟಿಗೆಯ ಮುಂಭಾಗ ಒಂದು ಗೇಣಿನಷ್ಟು ವಾಲಿತು. ಹಿಂದೆ ಬರುತ್ತಿದ್ದವರು ಉಸಿರು ಬಿಗಿಹಿಡಿದರು.

"ನೆಟ್ಟಗೆ ನಡಿಯೋ ಮಾರಾಯ," ಬಲಗಡೆ ಹೊತ್ತಿದ್ದ ರೇಯೊ ಪಿಸುಗುಟ್ಟಿದ. "ಚಿಕ್ಕವನಿದ್ದಾಗ್ಲೂ ಹಿಂಗೇ ಜಾರ್ತಿದ್ದೆ, ಈಗ್ಲೂ ಜಾರ್ತೀಯ."

"ಮಂಜುಗಟ್ಟಿದ ದಾರಿಗೆ ಮರಳು ಹಾಕಿಲ್ಲ ಕಣೋ."

"ಗೋಲು ಕಾಯೋರಿಗೆ ಯಾವಾಗ್ಲೂ ಒಂದು ನೆಪ ಸಿಗುತ್ತೆ ನೋಡು."

ಹಿಂದಿನ ನಾಲ್ವರಲ್ಲಿ ಯಾರೋ ನಕ್ಕರು. ನಕ್ಕಿದ್ದು ಕೆಮ್ಮಾಯಿತು. ಪೆಟ್ಟಿಗೆಯ ಹಿಂದೆ ತಂಗಿಯ ಮಗಳ ತೋಳು ಹಿಡಿದು ಬರುತ್ತಿದ್ದ ಹಿಲ್ಯಾ ತಲೆ ಎತ್ತಿ, "ನಗ್ರಪ್ಪಾ, ಯಾಕೆ ಕೆಮ್ತೀರ? ಅವರಿಗೆ ಅದೇ ಇಷ್ಟ ಆಗ್ತಿತ್ತು" ಎಂದಳು.

ಹೊತ್ತವರು ಆರು ಜನ, ಎಲ್ಲರೂ ಅರವತ್ತರ ಆಸುಪಾಸಿನವರು. ಸೊರ್ಸಾಪುರೊ ಊರಿನ ಮೊದಲ ಕಿರಿಯರ ಐಸ್ ಹಾಕಿ ತಂಡದಲ್ಲಿ ಇನ್ನೂ ಗಟ್ಟಿಯಾಗಿ ಉಳಿದವರು ಅವರೇ. ಪೆಟ್ಟಿಗೆಯಲ್ಲಿ ಮಲಗಿದ್ದವರು ತಾವೆತ್ತಿ ಓಯಾರಂತಾ, ಎಂಬತ್ತೇಳು ವರ್ಷ. ಮರದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗರಗಸಗಳಿಗೆ ಸಾಣೆ ಹಿಡಿದವರು. ಅದು ಹೊಟ್ಟೆಪಾಡಿನ ಕೆಲಸ. ಹೊಟ್ಟೆ ತುಂಬಿದ ಮೇಲೆ ಉಳಿದ ಹೊತ್ತನ್ನೆಲ್ಲ ಅವರು ಊರಿನ ಮಕ್ಕಳ ತಂಡಕ್ಕೆ ಕೊಟ್ಟಿದ್ದರು. ಅವರಿಗೂ ಹೆಂಡತಿ ಹಿಲ್ಯಾಳಿಗೂ ಮಕ್ಕಳಿರಲಿಲ್ಲ. ಇರಲಿಲ್ಲ ಎಂದು ಅವರ ಮನೆಯ ಹೊಸಿಲಲ್ಲಿ ಬಿದ್ದಿರುತ್ತಿದ್ದ ಒದ್ದೆ ಬೂಟುಗಳನ್ನು ನೋಡಿದವರು ಯಾರೂ ಹೇಳುತ್ತಿರಲಿಲ್ಲ.

ಫೆಬ್ರವರಿಯ ಚಳಿಗೆ ನೆಲ ಕಬ್ಬಿಣವಾಗಿತ್ತು. ಗುಂಡಿ ತೋಡಲು ಎರಡು ದಿನ ಮೊದಲೇ ನೆಲ ಕಾಯಿಸಬೇಕಾಯಿತಂತೆ. ಪೆಟ್ಟಿಗೆ ಇಳಿಸಿ, ಗುದ್ದಲಿ ಹಿಡಿದು, ಕಪ್ಪು ಕೋಟಿನ ಆರು ಮಂದಿ ತಾವೇ ಮಣ್ಣು ಎಳೆದರು. ಆಮೇಲೆ ಒಬ್ಬೊಬ್ಬರಾಗಿ ಹೂ ಇಟ್ಟು ಎರಡು ಮಾತು ಹೇಳಬೇಕು. ಕೌಕೊನ ಸರದಿ ಬಂದಾಗ ಅವನಿಗೆ ಮಾತು ಹೊರಡಲಿಲ್ಲ. ಹೂವಿಟ್ಟು, ತಲೆ ಬಾಗಿಸಿ, ಹಿಂದೆ ಸರಿದ.

\*

ತಂಡ ಶುರುವಾಗಿದ್ದು ೧೯೭೩ರ ಚಳಿಗಾಲದಲ್ಲಿ. ಶಾಲೆಯ ಹಿಂದಿನ ಬಯಲಿಗೆ ತಾವೆತ್ತಿ ಅಗ್ನಿಶಾಮಕ ಠಾಣೆಯ ಪೈಪಿನಿಂದ ನೀರು ಬಿಟ್ಟು ಹೆಪ್ಪುಗಟ್ಟಿಸಿ, ಮಿಲ್ಲಿನ ಹಲಗೆಗಳಿಂದ ಸುತ್ತ ಗೋಡೆ ಕಟ್ಟಿದರು. ಅವರಿಗೆ ಸ್ಕೇಟ್ ಮೇಲೆ ನಿಲ್ಲಲೂ ಬರುತ್ತಿರಲಿಲ್ಲ. ಬೂಟಿನಲ್ಲೇ ಮಂಜಿನ ಮೇಲೆ ಓಡಾಡುತ್ತ, ಗ್ರಂಥಾಲಯದಿಂದ ತಂದ ಪುಸ್ತಕ ಒಂದು ಕೈಯಲ್ಲಿ, ಸೀಟಿ ಇನ್ನೊಂದು ಕೈಯಲ್ಲಿ ಹಿಡಿದು ಆಟ ಕಲಿಸಿದರು. ಹನ್ನೊಂದು ಹುಡುಗರು ಬಂದರು. ಎಲ್ಲರಿಗಿಂತ ನಿಧಾನದವನು ಎಂಟು ವರ್ಷದ ಕೌಕೊ. ಅವನ ಕಾಲಿಗೆ ಹಿಲ್ಯಾ ಹಳೆಯ ಹಾಸಿಗೆ ಕತ್ತರಿಸಿ ಕುದುರೆಕೂದಲು ತುಂಬಿದ ಮೆತ್ತೆ ಹೊಲಿದುಕೊಟ್ಟಳು. ಅವನನ್ನು ಗೋಲಿನಲ್ಲಿ ನಿಲ್ಲಿಸಿದರು.

ಪಕ್ಕದೂರು ಲಂಪಿಲಾದ ಎದುರು ಮೊದಲ ಪಂದ್ಯ. ಸೊರ್ಸಾ ಎಂದರೆ ಅಲ್ಲಿಯ ಮಾತಿನಲ್ಲಿ ಬಾತುಕೋಳಿ. ಲಂಪಿಲಾದ ಹುಡುಗರು ಗೋಲು ಹೊಡೆದಾಗಲೆಲ್ಲ 'ಕ್ವಾಕ್, ಕ್ವಾಕ್' ಎಂದರು. ಇಪ್ಪತ್ಮೂರು ಸಲ ಎಂದರು. ಇವರದು ಸೊನ್ನೆ.

ಆಟ ಮುಗಿದ ಮೇಲೆ ಕೌಕೊ ಮೆತ್ತೆ ಬಿಚ್ಚಲೂ ಒಲ್ಲದೆ ಮೂಲೆಯಲ್ಲಿ ಕೂತು ಅತ್ತ. ತಾವೆತ್ತಿ ಬಂದು ಪಕ್ಕದಲ್ಲಿ ಕೂತರು.

"ಎಷ್ಟಾಯ್ತು?"

"ಇಪ್ಪತ್ಮೂರು."

"ಇಪ್ಪತ್ನಾಲ್ಕು ಯಾಕೆ ಆಗ್ಲಿಲ್ಲ ಗೊತ್ತೇನೋ?"

ಕೌಕೊ ಮೂಗು ಒರೆಸಿಕೊಂಡು ನೋಡಿದ.

"ಕೊನೇದನ್ನ ನೀನು ಹಿಡಿದೆಯಲ್ಲ. ಮಂಗಳವಾರ ಐದು ಗಂಟೆಗೆ ಬಾ. ಇನ್ನೊಂದು ಹಿಡಿಯೋದು ಕಲಿಯೋಣ."

ಐದು ವರ್ಷ ಹಾಗೆ ಒಂದೊಂದೇ ಹಿಡಿಯುತ್ತ ಕಲಿತರು.

\*

ಚರ್ಚಿನ ಸಭಾಂಗಣದಲ್ಲಿ ಸಾಲ್ಮನ್ ಮೀನಿನ ಸಾರು, ರೈ ಬ್ರೆಡ್ಡು, ಆಮೇಲೆ ಕಾಫಿ. ಬಿಸಿಗೆ ಎಲ್ಲರ ಕಿವಿ ಕೆಂಪಾದವು. ಕೌಕೊ ಹಿಲ್ಯಾಳ ಎದುರಿಗೇ ಕೂತಿದ್ದ.

"ಉಣ್ಣಪ್ಪಾ," ಎಂದಳು ಹಿಲ್ಯಾ. "ಮಣ್ಣೆಳೆದಿದ್ದೀಯ."

"ಉಣ್ತಿದೀನಿ ಅತ್ತೆ."

"ಏನುಣ್ತಿದೀಯ? ಚಮಚ ತಿರುಗಿಸ್ತಾ ಇದೀಯ."

ಅಷ್ಟರಲ್ಲಿ ರೇಯೊ ಎದ್ದು ನಿಂತ. ಮೊದಲ ತಂಡದ ನಾಯಕನಾಗಿದ್ದವನು ಈಗ ಕ್ಲಬ್ಬಿನ ಅಧ್ಯಕ್ಷ. ಅವನಪ್ಪನೂ ಅಧ್ಯಕ್ಷನಾಗಿದ್ದವನೇ. ತಂಡಕ್ಕೆ ಐವತ್ತು ತುಂಬಿದ್ದಕ್ಕೆ ಬರೆಸಿದ ಚರಿತ್ರೆಯ ಹಾಳೆಗಳನ್ನು ಕನ್ನಡಕ ಏರಿಸಿ ಓದತೊಡಗಿದ. ಮೊದಲ ಗೆಲುವು, ಮೂರನೆಯ ವರ್ಷ. ಮೊದಲ ಬಣ್ಣದ ಅಂಗಿ. ೮೯ರಲ್ಲಿ ಮೊದಲ ಹುಡುಗಿ ಸೇರಿದ್ದು. ಮಿಲ್ಲು ಮುಚ್ಚಿ ಅರ್ಧ ಊರು ಖಾಲಿಯಾದ ವರ್ಷ ಏಳೇ ಮಕ್ಕಳನ್ನಿಟ್ಟುಕೊಂಡು ಆಡಿದ್ದು. ಪ್ರತಿ ಪುಟದಲ್ಲೂ ತಾವೆತ್ತಿಯ ಹೆಸರಿತ್ತು. ಜನ ತಲೆದೂಗುತ್ತ ಕೇಳಿದರು.

"ಅವರೂ ಮನುಷ್ಯರೇ," ರೇಯೊ ಓದಿದ. "೧೯೭೮ರ ಮಾರ್ಚಿನಲ್ಲಿ ಅವರ ಕಣ್ಣು ಒಂದು ಸಲ ತಪ್ಪಿತು. ಆ ತಪ್ಪಿನಿಂದ ನಮಗೆ ಪ್ರಾಂತ್ಯದ ಫೈನಲ್ ಕೈತಪ್ಪಿತು. ಅದನ್ನು ನಾವು ಎಂದೋ ಕ್ಷಮಿಸಿದ್ದೇವೆ."

ರೇಯೊ ಒಳ್ಳೆಯ ಮನಸ್ಸಿನಿಂದಲೇ ಓದಿದ್ದ. ಕೆಲವರು ಮುಗುಳ್ನಕ್ಕರು. ಹಿಲ್ಯಾ ಮೇಜುಬಟ್ಟೆಯ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದಳು. ಕೌಕೊ ಚಮಚ ಕೆಳಗಿಟ್ಟ.

\*

ಆವತ್ತು ಭಾನುವಾರ. ಬಿಸಿಲು ಮಂಜಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮತ್ತೆ ಲಂಪಿಲಾದವರೇ ಎದುರಾಳಿ, ಗೆದ್ದವರು ಫೈನಲ್ಲಿಗೆ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಗೋಲಿನ ಗೆರೆ ದಾಟಿತೋ ಇಲ್ಲವೋ ಎಂದು ಬಲೆಯ ಹಿಂದೆ ನಿಂತು ನೋಡುವವರೊಬ್ಬರು ಬೇಕು. ಆಚೆ ತುದಿಯಲ್ಲಿ ಲಂಪಿಲಾದ ಶಾಲಾ ಮಾಸ್ತರರು ನಿಂತರು, ಈಚೆ ತುದಿಯಲ್ಲಿ ತಾವೆತ್ತಿ. ಗೋಲಾದರೆ ಅವರು ಕೆಂಪು ದೀಪ ಹಾಕಬೇಕು.

ಮೂರು ಮೂರು ಸಮ. ಆಟ ಮುಗಿಯಲು ಒಂದು ನಿಮಿಷವೂ ಇಲ್ಲ. ಗೋಲಿನ ಮುಂದೆ ಹುಡುಗರ ರಾಶಿ ಬಿತ್ತು. ಕೌಕೊ ಬಿಲ್ಲೆಯ ಮೇಲೆ ಮಂಡಿಯೂರಿದ. ಊರಿದ ಮಂಡಿಯಡಿಯಿಂದ ಅದು ಮೆಲ್ಲಗೆ, ಮೀನಿನ ಹಾಗೆ, ಹಿಂದಕ್ಕೆ ನುಸುಳಿದ್ದು ಅವನಿಗೆ ತಿಳಿಯಿತು. ತಿರುಗಿ ನೋಡಿದ. ಬಿಲ್ಲೆ ಗೆರೆಯ ಆಚೆಗಿತ್ತು. ಕಾಲು ಹಿಂದಕ್ಕೆ ಚಾಚಿ ಅದನ್ನು ಮತ್ತೆ ಈಚೆಗೆ ಎಳೆದುಕೊಂಡ. ಒಂದು ಗಳಿಗೆಯ ಕೆಲಸ. ತಲೆ ಎತ್ತಿದರೆ ಬಲೆಯಾಚೆ ತಾವೆತ್ತಿಯ ಕಣ್ಣು.

ದೀಪ ಹೊತ್ತಿತು.

ಊರಿಗೆ ಊರೇ ಕೂಗಾಡಿತು. ರೆಫರಿ ಬಂದು ಕೌಕೊನನ್ನು ಕೇಳಿದ: "ಗೆರೆ ದಾಟಿತೇನೋ?"

"ಇಲ್ಲ," ಎಂದ ಕೌಕೊ.

ರೆಫರಿ ದೀಪವನ್ನು ನಂಬಿದ. ಊರು ಹುಡುಗನನ್ನು ನಂಬಿತು. ರೇಯೊನ ಅಪ್ಪ, "ನಿಂದು ಲಂಪಿಲಾದ ಕಣ್ಣು ಕಣಯ್ಯಾ, ಅಲ್ಲೇ ಹೋಗಿ ಬದುಕು" ಎಂದು ಎಲ್ಲರೆದುರಿಗೆ ಹೇಳಿ, ಆ ವಾರವೇ ತಾವೆತ್ತಿಯ ಕೈಯಿಂದ ತಂಡ ಕಿತ್ತುಕೊಂಡ. ಮಿಲ್ಲಿನಲ್ಲಿ ಅವರ ಬೆಂಚಿನಲ್ಲಿ ಊಟಕ್ಕೆ ಯಾರೂ ಕೂರದಾದರು. ಮುಂದಿನ ಚಳಿ ಬಿದ್ದಾಗ ತಂಡ ನಡೆಸುವವರು ಯಾರೂ ಮುಂದೆ ಬರಲಿಲ್ಲ. ತಾವೆತ್ತಿ ಒಬ್ಬರೇ ಬಯಲಿಗೆ ನೀರು ಬಿಟ್ಟು, ಹಲಗೆ ಜೋಡಿಸಿ, ಕಾದರು. ಮೊದಲು ಹೋದವನು ಕೌಕೊ. ಹೋಗದೆ ಇರಲು ಅವನಿಗೆ ಆಗಲಿಲ್ಲ.

"ಬಂದೆಯಾ," ಎಂದರು ತಾವೆತ್ತಿ. "ಸ್ಕೇಟ್ ಕೊಡು ಇಲ್ಲಿ, ಮೊಂಡಾಗಿದೆ."

ಒಬ್ಬೊಬ್ಬರಾಗಿ ಉಳಿದವರೂ ಬಂದರು. ಹೇಳಲೇಬೇಕೆಂದು ಕೌಕೊ ಹೋಗಿದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಮದುವೆಯ ಹಿಂದಿನ ವಾರ. ತಾವೆತ್ತಿ ಸಾಣೆಯ ಮುಂದೆ ಕೂತಿದ್ದರು. "ಮಾಮ, ಆವತ್ತಿನ ಆ ಗೋಲು..." ಎಂದು ಬಾಯಿ ತೆರೆದದ್ದೇ ತಡ, ಅವರು ಸಾಣೆಯ ಮೋಟಾರು ಹಾಕಿದರು. ಕಿಡಿ ಹಾರಿತು. ಸದ್ದು ನಿಂತಾಗ, "ಚಿಕ್ಕ ಮಕ್ಕಳಿಗೆ ಗೋಲು ಕಾಯೋದು ಹೇಳಿಕೊಡೋರು ಇಲ್ಲ. ಬರ್ತೀಯಾ?" ಎಂದರು.

ಕೌಕೊ ಇಪ್ಪತ್ತಾರು ವರ್ಷ ಹೇಳಿಕೊಟ್ಟ.

\*

"ತಪ್ಪು ಅವರದಲ್ಲ," ಎಂದ ಕೌಕೊ. ತಾನು ಎದ್ದು ನಿಂತಿದ್ದೇನೆಂದು ಅವನಿಗೆ ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಬಿದ್ದಾಗ.

ರೇಯೊ ಹಾಳೆಯಿಂದ ಕಣ್ಣೆತ್ತಿದ. "ಏನಂದೆ?"

"ಬಿಲ್ಲೆ ಗೆರೆ ದಾಟಿತ್ತು. ಒಂದು ಅಡಿ ಒಳಗೆ ಹೋಗಿತ್ತು. ಕಾಲಲ್ಲಿ ನಾನೇ ಈಚೆ ಎಳ್ಕೊಂಡೆ. ಅವರು ನೋಡಿದ್ರು. ನಾನು ನೋಡಿದ್ದೂ ಅವರು ನೋಡಿದ್ರು. ರೆಫರಿ ಕೇಳಿದಾಗ ಇಲ್ಲ ಅಂದೆ. ನಲವತ್ತೈದು ವರ್ಷದಿಂದ ಇಲ್ಲ ಅಂತಾನೇ ಇದೀನಿ."

ಕಾಫಿ ಬಗ್ಗಿಸುತ್ತಿದ್ದ ಹೆಂಗಸು ಹೂಜಿ ಹಿಡಿದಲ್ಲೇ ನಿಂತಳು.

"ಹುಡುಗ ಸುಳ್ಳ ಅಂತ ಒಂದು ಮಾತು ಹೇಳಿದ್ರೆ ಅವರಿಗೆ ಮರ್ಯಾದೆ ಉಳೀತಿತ್ತು. ಹೇಳ್ಲಿಲ್ಲ. ನನ್ನನ್ನ ಮತ್ತೆ ಗೋಲಲ್ಲೇ ನಿಲ್ಸಿದ್ರು. ನನ್ನ ಹತ್ರ ಮಕ್ಕಳನ್ನ ಬಿಟ್ರು. ಆಮೇಲೆ ನಾನು ಯಾರ ಹತ್ರಾನೂ ಸುಳ್ಳು ಹೇಳಿ ಬದುಕಿಲ್ಲ. ಬರೀ ಇದೊಂದು ಇತ್ತು. ಗುಂಡಿ ಹತ್ರಾನೇ ಹೇಳಬೇಕಿತ್ತು, ಬಾಯಿ ಬರ್ಲಿಲ್ಲ."

ಅವನು ಹಿಲ್ಯಾಳ ಕಡೆ ತಿರುಗಿದ. "ಅತ್ತೆ..."

"ನಂಗೆ ಗೊತ್ತಿತ್ತು ಕಣಪ್ಪಾ," ಎಂದಳು ಹಿಲ್ಯಾ. "ಆವತ್ತು ಮನೆಗೆ ಬಂದವರೇ ಹೇಳಿದ್ರು. ನಾನು ಜಗಳ ಆಡಿದೆ, ಊರಿಗೆಲ್ಲ ಹೇಳ್ತೀನಿ ಅಂತ ಕೋಟು ಹಾಕ್ಕೊಂಡೆ. ಬಾಗಿಲಿಗೆ ಅಡ್ಡ ನಿಂತ್ರು. 'ಅವನು ಹದಿಮೂರು ವರ್ಷದವನು ಹಿಲ್ಯಾ, ಊರಿನ ಬೈಗುಳ ಹೊರೋ ಹೆಗಲಲ್ಲ ಅದು. ನಂದು ಹಲಗೆ ಹೊತ್ತ ಹೆಗಲು. ಅವನು ಆಟ ಬಿಟ್ಟುಬಿಟ್ರೆ ಆಗ ಸೋತೆ ಅನ್ಕೋ' ಅಂದ್ರು." ಅವಳು ಕೈ ಚಾಚಿ ಕೌಕೊನ ತೋಳು ಮುಟ್ಟಿದಳು. "ನೀನು ಬಿಡ್ಲಿಲ್ವಲ್ಲ. ಮಂಗಳವಾರ ಮಂಗಳವಾರ ನೀನು ಬಾಗಿಲು ತಟ್ಟಿದಾಗ ಅವರ ಮುಖ ನೋಡ್ಬೇಕಿತ್ತು. ನಿನ್ನಿಂದ ಆ ಮನುಷ್ಯ ಎಷ್ಟು ಸುಖ ಪಟ್ರು ಅಂತ ನಿಂಗೆ ಗೊತ್ತಿಲ್ಲ. ಕೂತ್ಕೋ. ಸಾರು ಆರಿಹೋಯ್ತು, ಬಿಸೀದು ಹಾಕಿಸ್ತೀನಿ."

ಯಾರೋ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ರೇಯೊ ಮಾತ್ರ ನಿಂತೇ ಇದ್ದ.

"ನಾನು ಆವತ್ತು ಅವರ ಬೂಟಿನ ಮೇಲೆ ಉಗಿದೆ," ಎಂದ, ಯಾರಿಗೆಂದಿಲ್ಲದೆ. "ನಮ್ಮಪ್ಪ ನೋಡಿ ಶಭಾಷ್ ಅಂದ. ತಾನು ಸಾಯೋವರೆಗೂ ಅಪ್ಪ ಅವರನ್ನ ಮಾತಾಡಿಸ್ಲಿಲ್ಲ."

ಹಾಳೆಗಳನ್ನು ಮೇಜಿನ ಮೇಲಿಟ್ಟು, ಕೋಟು ಕೂಡ ತೆಗೆದುಕೊಳ್ಳದೆ, ಹೊರಗೆ ನಡೆದುಬಿಟ್ಟ.

ಕೌಕೊ ಬಿಸಿ ಸಾರನ್ನು ಪೂರ್ತಿ ಉಂಡ. ಹಿಲ್ಯಾ ಎದುರಿಗೆ ಕೂತು ನೋಡುತ್ತಿದ್ದಳಾದ್ದರಿಂದ ಬಿಡುವಂತಿರಲಿಲ್ಲ. ಜನ ಬಂದು ಅವನ ಬೆನ್ನು ಮುಟ್ಟಿ ಹೋದರು. ಕೆಲವರು ಮುಟ್ಟದೆ ಹೋದರು. ಎದ್ದಾಗ ರೇಯೊನ ಕೋಟು ಗೂಟದಲ್ಲೇ ತೂಗುತ್ತಿತ್ತು. ಅದನ್ನು ತೋಳ ಮೇಲೆ ಹಾಕಿಕೊಂಡು ಹೊರಬಂದ.

ಮೂರು ಗಂಟೆಯ ಬೆಳಕು ಹಿಮದ ಮೇಲೆ ನೀಲಿಗಟ್ಟಿತ್ತು. ಕಾರುಗಳೆಲ್ಲ ಹಿಮ ಹಿಡಿದು ಬೆಳ್ಳಗೆ ನಿಂತಿದ್ದವು. ರೇಯೊ ತನ್ನ ಕಾರಿನ ಹತ್ತಿರ ಇರಲಿಲ್ಲ. ಕೌಕೊನ ಕಾರಿನ ಮುಂದೆ, ಬರೀ ಕೈಯಲ್ಲಿ ಕೆರೆಯುವ ಪಟ್ಟಿ ಹಿಡಿದು, ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ. ಹಿಂಬದಿಯ ಗಾಜು, ಪಕ್ಕದ ಗಾಜುಗಳು ಆಗಲೇ ಶುದ್ಧವಾಗಿದ್ದವು.

ಕೌಕೊ ಕೋಟನ್ನು ಅವನ ಹೆಗಲಿಗೆ ಹೊದಿಸಿದ. ರೇಯೊ ತಿರುಗಲಿಲ್ಲ.

"ಒಳಗೆ ಕೂತ್ಕೋ," ಎಂದ. "ಎಂಜಿನ್ ಹಾಕು, ಬೆಚ್ಚಗಾಗ್ಲಿ."

ಕೌಕೊ ಒಳಗೆ ಕೂತ. ಮುಂದಿನ ಗಾಜು ಇನ್ನೂ ಗೋಡೆಯ ಹಾಗೆ ಬೆಳ್ಳಗಿತ್ತು. ಆಚೆಯಿಂದ ಕರ್ರ್, ಕರ್ರ್ ಎಂಬ ಸದ್ದು. ಒಂದು ಎಳೆತಕ್ಕೆ ಬೂದು ಗಡ್ಡ ಕಂಡಿತು. ಇನ್ನೊಂದಕ್ಕೆ ಕೆಂಪಾದ ಮೂಗು. ಮತ್ತೊಂದಕ್ಕೆ ಕಣ್ಣು, ಒರೆಸಿಕೊಳ್ಳುವ ಗೊಡವೆಯಿಲ್ಲದೆ ಬಿಟ್ಟಿದ್ದ ನೀರು ಕೆನ್ನೆಯ ಮೇಲೆ ಹೆಪ್ಪುಗಟ್ಟತೊಡಗಿತ್ತು. ರೇಯೊ ಗಾಜಿನ ಮೂಲೆಮೂಲೆಗೂ ಬಗ್ಗಿ, ಒಂದು ಚೂರೂ ಉಳಿಯದ ಹಾಗೆ, ಕೆರೆಯುತ್ತಲೇ ಇದ್ದ.